ಕೇಳಿ ಮುಗಿಯದ ಹಕ್ಕಿ

ಹುರಿಗಡಲೆ ಹಿಟ್ಟನ್ನು ಬೆಲ್ಲದ ನೀರಿನಲ್ಲಿ ಕಲಸಿ, ಮೆಣಸಿನಕಾಳಿನಷ್ಟು ಉಂಡೆ ಮಾಡಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದೆ. ಏಳು ಉಂಡೆ ಆಗಿದ್ದವು. ಒಡತಿ ಸತ್ತ ಹಕ್ಕಿ ತಾನಾಗಿ ತಿನ್ನುವುದಿಲ್ಲ. ಕೊಕ್ಕು ಬಿಡಿಸಿ ಬಾಯೊಳಗೆ ಇಡಬೇಕು, ಗಂಟಲು ಅಲುಗುವ ತನಕ ಕಾಯಬೇಕು. ಎಂಟನೆಯದು ಬೆರಳಲ್ಲಿರುವಾಗಲೇ ಎಡಗೈಯನ್ನು ಪಂಜರದೊಳಗೆ ಇಳಿಸಿ, ಮೊಣಕೈಯನ್ನು ಮೊಣಕಾಲಿಗೆ ಊರಿ, ಗೊರವಂಕವನ್ನು ಮಣಿಕಟ್ಟಿನ ಮೇಲೆ ತೆಗೆದುಕೊಂಡೆ. ತೆಗೆದುಕೊಂಡವಳು ಹಾಗೇ ಉಳಿದೆ. ಮಧ್ಯಾಹ್ನ ಉಣ್ಣಲು ಏಳುವಾಗ ಇದ್ದುದಕ್ಕಿಂತ ಹಕ್ಕಿ ಭಾರವಾಗಿತ್ತು.

ತಕ್ಕಡಿ ಸುಳ್ಳು ಹೇಳಬಹುದು, ನನ್ನ ಮಣಿಕಟ್ಟು ಹೇಳುವುದಿಲ್ಲ. ಇಪ್ಪತ್ತಾರು ವರ್ಷಗಳಲ್ಲಿ ನಲವತ್ತೊಂದು ಹಕ್ಕಿಗಳನ್ನು ಇದರ ಮೇಲೆ ಕೂರಿಸಿಕೊಂಡು ಕೇಳಿದ್ದೇನೆ. ಒಂದೊಂದು ಮಾತು ಹೊರಗೆ ಬಿದ್ದಂತೆ ಅವು ಹಗುರಾಗುತ್ತವೆ. ಬೆಳಿಗ್ಗೆಗಿಂತ ಸಂಜೆ ಹಗುರ, ಇವತ್ತಿಗಿಂತ ನಾಳೆ ಹಗುರ. ಸತ್ತ ಹೆಂಗಸಿನ ಹಕ್ಕಿ ತಿರುಗಿ ಭಾರವಾದದ್ದನ್ನು ನಾನು ಕಂಡಿರಲಿಲ್ಲ. ನನಗೆ ಈ ಕೆಲಸ ಕಲಿಸಿದ ಚಿಗವ್ವನೂ ಕಂಡಿರಲಿಕ್ಕಿಲ್ಲ, ಕಂಡಿದ್ದರೆ ಹೇಳುತ್ತಿದ್ದಳು.

ನಮ್ಮ ಊರಿನಲ್ಲಿ ಹೆಣ್ಣು ಗಂಡನ ಮನೆಗೆ ಬರುವಾಗ ಒಂದು ಗೊರವಂಕದ ಮರಿ ತರುತ್ತಾಳೆ. ಪಡಸಾಲೆಯ ತೊಲೆಗೆ ಪಂಜರ ತೂಗುಹಾಕುತ್ತಾರೆ. ಅಂದಿನಿಂದ ಅವಳು ಆಡದೆ ನುಂಗಿದ ಮಾತೆಲ್ಲ ಅದರೊಳಕ್ಕೆ ಹೋಗುತ್ತದೆ. ಅವಳು ಇರುವ ತನಕ ಹಕ್ಕಿ ಬಾಯಿ ಬಿಡುವುದಿಲ್ಲ, ಭಾರವಾಗುತ್ತದೆ ಅಷ್ಟೆ. ಐದು ವರ್ಷಕ್ಕೆ ಹಗ್ಗ ತೆಗೆದು ಕಬ್ಬಿಣದ ಕೊಂಡಿ, ಹತ್ತು ವರ್ಷಕ್ಕೆ ಸರಪಳಿ. ಕಂಬಾರರ ಓಣಿ ಬದುಕಿರುವುದೇ ಇದರಿಂದ. ತೊಲೆ ಬಾಗಿದ ಮನೆಯೆಂದರೆ ಮರ್ಯಾದಸ್ಥರ ಮನೆ. ‘ತೊಲಿ ನೋಡಿ ಹೆಣ್ಣು ತಾ’ ಎಂದು ಗಾದೆಯೇ ಇದೆ. ಹೆಣ್ಣು ನೋಡಲು ಹೋದವರು ಹುಡುಗಿಯ ಮುಖವನ್ನು ಆಮೇಲೆ ನೋಡುತ್ತಾರೆ, ಮೊದಲು ತಲೆಯೆತ್ತಿ ಅವಳ ತಾಯಿಯ ತೊಲೆ ನೋಡುತ್ತಾರೆ. ‘ಹಗುರ ಹಕ್ಕಿಯಾಕಿ’ ಅನ್ನಿಸಿಕೊಳ್ಳುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಹೆಂಗಸರಿಗೆ ಇಲ್ಲ.

ಅವಳು ಸತ್ತ ದಿನ ಪಂಜರವನ್ನು ಹಿತ್ತಲ ಕೋಣೆಗೆ ಸಾಗಿಸಿ ನನಗೆ ಹೇಳಿಕಳಿಸುತ್ತಾರೆ. ಊರವರು ನನ್ನನ್ನು ಫಕೀರವ್ವ ಎಂದು ಕರೆಯುವುದು ಕಡಿಮೆ, ಕೇಳಾಕಿ ಅನ್ನುತ್ತಾರೆ. ಕದ ಹಾಕಿಕೊಂಡು ಕೂತು, ಹಕ್ಕಿ ಹೇಳುವುದನ್ನೆಲ್ಲ ಮೊದಲಿನಿಂದ ಕೊನೆಯ ತನಕ ಕೇಳಿ ಮುಗಿಸುವುದು ನನ್ನ ಕೆಲಸ. ಮೊದಲು ನುಂಗಿದ್ದು ಮೊದಲು ಬರುತ್ತದೆ. ಸಾಧಾರಣವಾಗಿ ಹದಿಮೂರು ದಿನಕ್ಕೆ ತೀರುತ್ತದೆ. ಹದಿಮೂರನೆಯ ದಿನ ಮನೆಯವರ ಎದುರಿಗೆ ‘ಮುಗೀತು’ ಎಂದು ಹೇಳಿ ಪಂಜರ ತೆರೆಯುತ್ತೇನೆ, ಹಕ್ಕಿ ಹಾರಿಹೋಗುತ್ತದೆ. ಮುಗಿಯದಿದ್ದರೆ ‘ಇನ್ನೂ ಐತಿ’ ಅನ್ನುತ್ತೇನೆ. ಮುಗಿಯುವ ತನಕ ಆ ಮನೆಗೆ ತೋರಣವಿಲ್ಲ, ಹೊಸ ಪಂಜರವಿಲ್ಲ, ಅಲ್ಲಿಂದ ಹೆಣ್ಣು ಹೊರಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಚಿಗವ್ವ ಒಂದು ಮನೆಯಲ್ಲಿ ಏಳು ತಿಂಗಳು ಕೂತಿದ್ದಳಂತೆ. ಯಾರೂ ಕೇಳದೆ ಬಿಟ್ಟ ಹಕ್ಕಿ ಕುತ್ತಿಗೆ ಇಳಿಬಿಟ್ಟು ಕೂತಲ್ಲೇ ಸಾಯುತ್ತದೆ. ಅಂಥ ಮನೆಯ ಮುಂದೆ ಜನ ಚಪ್ಪಲಿ ಕಳಚಿ ಬೇಗಬೇಗ ದಾಟುತ್ತಾರೆ.

ಚಿಗವ್ವ ನನಗೆ ಕಲಿಸಿದ್ದು ಮೂರೇ. ಹಕ್ಕಿಗೆ ಉತ್ತರ ಕೊಡಬೇಡ. ಕೇಳಿದ್ದನ್ನು ಹೇಳಬೇಡ. ಬದುಕಿದ್ದವರಿಗೆ ಕಿವಿ ಕೊಡಬೇಡ. ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ನಾನು ಬಾವಿಗೆ ಹೋದರೆ ಹೆಂಗಸರು ಹಗ್ಗವನ್ನು ನನ್ನ ಕೈಗೆ ಕೊಟ್ಟು ದೂರ ಸರಿಯುತ್ತಾರೆ. ಕೇಳುವ ಕಿವಿ ಎದುರಿಗಿದ್ದರೆ ತಮ್ಮ ಬಾಯಿ ತಾನಾಗಿ ಬಿಚ್ಚಿಕೊಂಡೀತು, ಹಕ್ಕಿ ಹಗುರಾದೀತು ಎಂದು ಅಂಜಿಕೆ. ನನ್ನ ಗಂಡ ಹೋಗಿ ಹತ್ತೊಂಬತ್ತು ವರ್ಷವಾಯಿತು. ಮನೆಯಲ್ಲಿರುವುದು ನಾನು, ನನ್ನ ಹಕ್ಕಿ. ಅದಕ್ಕೆ ಕಂಬಾರ ಎರಡು ಸಲ ಕೊಂಡಿ ಮಾಡಿಕೊಟ್ಟು ಮೂರನೆಯ ಸಲ ಕೈಮುಗಿದ. ಈಗ ಕಲ್ಲುಚಪ್ಪಡಿಯ ಮೇಲೆ ಕೂತಿರುತ್ತದೆ. ನನ್ನದರ ಜೊತೆಗೆ ನಲವತ್ತೊಂದು ಹೆಂಗಸರದ್ದೂ ಅದಕ್ಕೇ ಹೋಗಬೇಕಲ್ಲ. ಹೋದ ವರ್ಷ ಚಪ್ಪಡಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತು.

ಇದು ಅಂಬವ್ವನ ಹಕ್ಕಿ. ಅಡಿವೆಪ್ಪನ ಹೆಂಡತಿ, ದುಂಡವ್ವನ ಸೊಸೆ. ಮೂವತ್ತೂ ತುಂಬಿರಲಿಲ್ಲ. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳ ಗೊರವಂಕ ತುಂಬಿದ ಕೊಡದಷ್ಟು ತೂಗುತ್ತಿತ್ತು. ‘ನನ್ನ ಸೊಸಿ ನನ್ನನ್ನ ಮೀರಿಸ್ತಾಳ’ ಎಂದು ದುಂಡವ್ವ ಬಾವಿಕಟ್ಟೆಯಲ್ಲಿ ಹೇಳಿಕೊಳ್ಳುತ್ತಿದ್ದಳು. ಅಂಬವ್ವ ಹೊಟ್ಟೆನೋವಿನಿಂದ ಸತ್ತಳು. ಮೂರು ದಿನದ ನೋವು ಎಂದು ಮನೆಯವರು ಅಂದರು. ಮೂರು ವಾರದ ನೋವು ಎಂದು ಆಮೇಲೆ ಹಕ್ಕಿ ಹೇಳಿತು.

ಹಕ್ಕಿ ಭಾರವಾದದ್ದು ತಿಳಿದ ಮಾರನೆಯ ಮಧ್ಯಾಹ್ನ, ಉಣ್ಣಲು ಹೋದವಳಂತೆ ಚಿಲಕ ಎಳೆದುಕೊಂಡು ಹೊರಗೆ ಬಂದು, ಗೋಡೆಯ ಹಿಂದಕ್ಕೆ ಸುತ್ತಿ, ಬೆಳಕಿಂಡಿಯ ಕೆಳಗೆ ನಿಂತೆ. ಸ್ವಲ್ಪ ಹೊತ್ತಿಗೆ ಚಿಲಕ ಸರಿಯಿತು. ಬಂದವಳು ಅಂಬವ್ವನ ಮಗಳು ನಿಂಬಿ. ಒಂಬತ್ತು ವರ್ಷದ ಹುಡುಗಿ, ತಾಯಿ ಹೋದ ಮೇಲೆ ಯಾರೂ ಬಾಚದ ತಲೆ. ಪಂಜರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಮುಷ್ಟಿ ಬಿಚ್ಚಿದಳು. ಒಂದು ಮಿಡತೆ. ನನ್ನ ಕೈಯಿಂದ ಕೊಕ್ಕು ಬಿಡಿಸಿದರೂ ನುಂಗಲು ತಡಮಾಡುತ್ತಿದ್ದ ಹಕ್ಕಿ ಕತ್ತು ಚಾಚಿ ಅದನ್ನು ತೆಗೆದುಕೊಂಡಿತು.

“ಜೋಳ್ಯಾ, ಇವತ್ತ ಅಜ್ಜಿ ಅವ್ವನ ಸೀರಿ ಎಲ್ಲಾ ಗಂಟು ಕಟ್ಟಿದ್ಲು. ಹಸರ ಸೀರಿ ನಾ ಮುಚ್ಚಿಟ್ಟೀನಿ. ಎಲ್ಲಿ ಅಂತ ನಿನಗೊಬ್ಬನಿಗೆ ಹೇಳ್ತೀನಿ. ಜ್ವಾಳದ ಚೀಲದ ಹಿಂದ. ಅಜ್ಜಿಗೆ ಹೇಳಿಗೀಳಿ ಮತ್ತ!” ಎಂದು ತಾನೇ ನಕ್ಕಳು. ಹಕ್ಕಿ ತಲೆ ಓರೆ ಮಾಡಿತು. ಆಮೇಲೆ ಅಂಬವ್ವನ ದನಿಯಲ್ಲಿ, “ಈ ಪಂಚಮಿಗೆ ನನ್ನ ತವರಿಗೆ ಕಳಸ್ರಿ ಅಂತ ಕೇಳಬೇಕು” ಎಂದಿತು. ಅದು ಯಾವ ಪಂಚಮಿಯೋ, ನಿಂಬಿ ಹುಟ್ಟುವುದಕ್ಕೂ ಮುಂಚಿನದು. ಹುಡುಗಿ ಕೆನ್ನೆಯನ್ನು ಪಂಜರದ ಕಂಬಿಗೆ ಒತ್ತಿ, “ಹೂಂ ಅವ್ವಾ” ಎಂದಳು.

ಮಕ್ಕಳು ಪಂಜರದ ಕೆಳಗೆ ನಿಲ್ಲಬಾರದು ಎಂಬುದು ನಮ್ಮ ಊರಿನ ಕೂಸಿಗೂ ಗೊತ್ತು. ಆದರೆ ಅಂಬವ್ವನ ಹಕ್ಕಿ ಭಾರವಾದಂತೆ ತೊಲೆ ಬಾಗಿತು, ಸರಪಳಿ ಉದ್ದವಾಯಿತು, ಪಂಜರ ವರ್ಷ ವರ್ಷಕ್ಕೆ ಕೆಳಗಿಳಿಯಿತು. ಇತ್ತ ನಿಂಬಿ ಬೆಳೆಯುತ್ತಾ ಬಂದಳು. ಒಂದು ದಿನ ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬಂದವು. ಜೋಳ ಕೊಟ್ಟರೆ ತಿಂದಿತು, ಅದಕ್ಕೇ ಜೋಳ್ಯಾ ಎಂದು ಹೆಸರಿಟ್ಟಳು. ಇನ್ನೊಬ್ಬರ ಮನೆಯಲ್ಲಿ ಹೀಗಾದರೆ ಪಂಜರವನ್ನು ಮೇಲಕ್ಕೆತ್ತಿ ಕಟ್ಟುತ್ತಿದ್ದರು. ದುಂಡವ್ವ ಕಟ್ಟಗೊಡಲಿಲ್ಲ. ಪಂಜರ ತಗ್ಗಿದಷ್ಟೂ ಬಂದವರಿಗೆ ಎದ್ದು ಕಾಣುತ್ತಿತ್ತಲ್ಲ.

ನಾನು ಯಾರಿಗೂ ಹೇಳಲಿಲ್ಲ. ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಏಳನೆಯ ದಿನ ದುಂಡವ್ವ ಕೊಬ್ಬರಿ ಹುಡುಕುತ್ತಾ ಹಿತ್ತಲಿಗೆ ಬಂದವಳು ಮೊಮ್ಮಗಳನ್ನು ಕಂಡಳು. ನಾನು ಕೈತೊಳೆದು ಬರುವಷ್ಟರಲ್ಲಿ ಹುಡುಗಿಯ ರಟ್ಟೆ ಅವಳ ಕೈಯಲ್ಲಿತ್ತು. ಹೊಡೆಯುತ್ತಾಳೆಂದುಕೊಂಡೆ. ಹೊಡೆಯಲಿಲ್ಲ. ಪಂಜರ ಎತ್ತಿ ನೋಡಿದಳು, ಇಳಿಸಿದಳು, ಇನ್ನೊಮ್ಮೆ ಎತ್ತಿದಳು.

“ಏಳ ದಿನ ಆತು, ಅರ್ಧನೂ ಇಳದಿಲ್ಲಲ್ಲ ಫಕೀರವ್ವಾ. ಇದು ಅಕಿದಷ್ಟ ಅಲ್ಲ, ಇದರಾಗ ಇಕಿದೂ ಐತಿ!” ಎಂದಳು. ಮುಖ ಅರಳಿತ್ತು. “ಅಡಿವೆಪ್ಪಾ, ಬಾ ಇಲ್ಲಿ. ನಿನ್ನ ಮಗಳ ಕಸಬು ನೋಡು. ಲಗ್ನ ಇಲ್ಲ ಗಿಗ್ನ ಇಲ್ಲ, ಒಂಬತ್ತ ವರ್ಷಕ್ಕ ಹಕ್ಕಿ ತುಂಬ್ಯಾಳ! ಎಂಥಾ ಮನಿಗರ ಕೊಡಬಹುದು.” ಅಡಿವೆಪ್ಪ ಬಾಗಿಲಲ್ಲಿ ನಿಂತು ಪಂಜರ ನೋಡಿದ, ಮಗಳನ್ನು ನೋಡಿದ. ದುಂಡವ್ವ ನನ್ನ ಕಡೆ ತಿರುಗಿ, “ನನ್ನದನ್ನೂ ನೀನ ಕೇಳಬೇಕು ನೋಡ, ಈಗಿಂದನ ಹಾಲು ತುಪ್ಪ ತಿಂದು ಗಟ್ಟಿಯಾಗು. ಮೂವತ್ತೆಂಟ ವರ್ಷದ್ದು!” ಎಂದು ನಕ್ಕಳು. ನಗುವಾಗ ಅವಳ ಕಣ್ಣು ಪಡಸಾಲೆಯ ಕಡೆಗೆ, ತನ್ನ ತೊಲೆಯ ಕಡೆಗೆ ಹೋಗಿ ಬಂತು.

ಮರುದಿನವೇ ಆಚೆ ಓಣಿಯ ಹಂಚಿನ ಮನೆಯವರು ಹೆಣ್ಣು ಕೇಳಿಕೊಂಡು ಬಂದರು. ಯಜಮಾನ ತೋಳು ಮಡಚಿ ಪಂಜರ ಎತ್ತಿದ. “ಅಬಬಬ! ಇಷ್ಟ ಸಣ್ಣ ಹೊಟ್ಟ್ಯಾಗ ಇಷ್ಟು ಮಾತಾ?” ಎಂದ. ಅವನ ಹೆಂಡತಿ ನನ್ನ ಮುಖ ನೋಡದೆ ಗೋಡೆಗೆ ಹೇಳಿದಂತೆ, “ಮಾತಿನ ಮಲ್ಲಿ ಬ್ಯಾಡ ಅಂತ ಎಷ್ಟ ಮನಿ ಸುತ್ತೀವಿ. ಈ ಹುಡುಗಿ ಸಾಕು” ಎಂದಳು. ಮಾತು ಹೀಗೆ ಆಯಿತು: ಹದಿಮೂರನೆಯ ದಿನ ಕೇಳಾಕಿ ‘ಮುಗೀತು’ ಎಂದ ಮೇಲೆ ಪಂಜರ ತೆರೆಯುವುದು. ಹಕ್ಕಿ ಹಾರದೆ ಉಳಿದರೆ ಅದರ ಕಾಲಿಂದ ನಿಂಬಿಯ ಕೈಗೆ ಕೆಂಪು ದಾರ ಕಟ್ಟಿ, ಎರಡನ್ನೂ ಹಂಚಿನ ಮನೆಗೆ ಕರೆದೊಯ್ಯುವುದು. ಅಲ್ಲೇ ಬೆಳೆಯಲಿ, ಮದುವೆ ಮುಂದೆ ಯಾವಾಗಲಾದರೂ ಆಗಲಿ. “ಅಕಸ್ಮಾತ್ ಹಾರಿ ಹೋದ್ರ?” ಎಂದು ಯಜಮಾನ ಕೇಳಿದ. “ಹೋಗ್ಲಿ ಬಿಡ್ರಿ, ಬುಟ್ಟ್ಯಾಗ ಹೊಸ ಮರಿ ತರಿಸಿಟ್ಟೀನಿ. ಅವತ್ತ ಅದಕ್ಕ ದಾರ ಕಟ್ಟೂಣು. ತುಂಬೂ ಹುಡುಗಿ ಅದನ್ನೂ ತುಂಬ್ತಾಳ” ಎಂದಳು ದುಂಡವ್ವ. ನಿಂಬಿ ಒರಳಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಜೋಳ್ಯಾ ತನ್ನ ಜೊತೆಗೇ ಇರುತ್ತಾನೆ ಎಂಬುದಷ್ಟೇ ಅವಳಿಗೆ ತಿಳಿದದ್ದು. ಅವಳ ಮುಖದಲ್ಲಿ ನಗುವಿತ್ತು.

ಅಡಿವೆಪ್ಪ ದಿನಾ ಸಂಜೆ, ನಾನು ಬೀಗ ಹಾಕಿ ಹೊರಡುವ ಹೊತ್ತಿಗೆ, ಹಿತ್ತಲ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. “ಅಕಿ ನನ್ನ ಬಗ್ಗೆ ಏನರ ಅಂದ್ಲೇನು, ಅಕ್ಕಾ?” ಎಂದು ಕೇಳುತ್ತಿದ್ದ. ನಾನು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದೆ. ‘ಒಮ್ಮೆ ನನ್ನ ಹೆಸರು ಹಿಡಿದು ಕರೀರಿ’ ಎಂದು ಅಂಬವ್ವ ಅವನಿಗೆ ಹೇಳದೆ ಬಿಟ್ಟದ್ದು ಒಂದು ಸಲವಲ್ಲ, ಎರಡು ಸಲವಲ್ಲ. ಅದನ್ನು ಕೇಳಿಸಿಕೊಂಡಿದ್ದರೆ ಅವನು ಕರೆಯುತ್ತಿದ್ದನೇನೋ. ಕೆಟ್ಟವನೇನಲ್ಲ. ಈ ಮನೆಯಲ್ಲಿ ಕೆಟ್ಟವರು ಯಾರು ಎಂದು ಹುಡುಕಿದರೆ ನನಗೆ ಬರಿ ಮನುಷ್ಯರೇ ಸಿಗುತ್ತಿದ್ದರು.

ಒಂಬತ್ತು, ಹತ್ತನೆಯ ದಿನಗಳಲ್ಲಿ ಹಕ್ಕಿ ಕೊನೆಯ ಮೂರು ವಾರಕ್ಕೆ ಬಂತು. ಹೊಟ್ಟೆಗೆ ಸೆರಗು ಬಿಗಿದು ಕಟ್ಟಿಕೊಂಡು ರೊಟ್ಟಿ ಬಡಿಯುತ್ತಾ ಅಂಬವ್ವ ನುಂಗಿದ್ದೆಲ್ಲ ಬಂತು. ‘ತಡಕೊಳ್ಳಾಕ ಆಗವಲ್ದು.’ ‘ಇವತ್ತೊಂದಿನ ಮಲಗಿರ್ತೀನಿ ಅತ್ತೀ.’ ‘ವೈದ್ಯನ್ನ ಕರೀರಿ.’ ವೈದ್ಯ ಇರುವುದು ಎರಡು ಮನೆ ಆಚೆಗೆ. ಆಮೇಲೆ ‘ನೀರು’ ಎಂಬುದೊಂದೇ ಮಾತು, ಎಷ್ಟು ಸಲವೋ. ಹಕ್ಕಿಯ ನಾಲಿಗೆಯೂ ಒಣಗಿದಂತೆ ಕೇಳಿಸಿತು. ಬೆರಳು ಅದ್ದಿ ಅದರ ಕೊಕ್ಕಿಗೆ ನೀರು ಹಚ್ಚಿದೆ. ಉತ್ತರ ಕೊಡಬಾರದೆಂಬ ನಿಯಮವನ್ನು ಮುರಿದೆನೋ ಇಲ್ಲವೋ ಗೊತ್ತಿಲ್ಲ.

ನಡುನಡುವೆ ನಿಂಬಿಯ ದನಿ ಬರುತ್ತಿತ್ತು. “ಜೋಳ್ಯಾ, ಅವ್ವನ ಹೊಟ್ಟಿ ಕಲ್ಲ ಆಗೇತಿ. ಮುಟ್ಟಿದ್ರ ಅಳ್ತಾಳ. ಯಾರಿಗೂ ಹೇಳಬ್ಯಾಡ ಅಂತ ಆಣಿ ಮಾಡಿಸ್ಕೊಂಡಾಳ. ನಿನಗ ಹೇಳಿದ್ರ ಹೇಳಿದಂಗ ಅಲ್ಲ, ಹೌದಲ್ಲೋ?” ನಮ್ಮ ಊರಿನ ಹೆಣ್ಣುಮಗಳು ಮಾಡುವ ತಪ್ಪನ್ನೇ ಒಂಬತ್ತು ವರ್ಷದ ಕೂಸು ಮಾಡಿತ್ತು. ಓಣಿ ತುಂಬ ಜನ ಇರುವಾಗ ಹಕ್ಕಿಗೆ ಹೇಳಿತ್ತು.

ಹತ್ತನೆಯ ದಿನ ಇಳಿಹೊತ್ತಿಗೆ ಅಂಬವ್ವನ ಕೊನೆಯ ಮಾತು ಬಂತು. ಬಾಯಿಬಿಟ್ಟು ಮಗಳಿಗೆ ಏನು ಹೇಳಿದ್ದಳೋ ಅದು ನಿಂಬಿಯಿಂದ ತಿಳಿದಿತ್ತು. ನುಂಗಿದ್ದು ಬೇರೆ ಇತ್ತು. “ಓಡಿ ಹೋಗ ನಿಂಬಿ. ಓಣ್ಯಾಗ ಯಾರು ಸಿಗ್ತಾರ ಅವರಿಗೆ ಹೇಳ. ಅವ್ವ ಸಾಯಾಕತ್ತಾಳ ಅಂತ ಹೇಳ.” ಇಷ್ಟು ಹೇಳಿ ಹಕ್ಕಿ ಕಣ್ಣು ಮುಚ್ಚಿತು. ನಾನು ಎದ್ದು ಕದ ತೆರೆದು ನೋಡಿದೆ. ನಿಂಬಿ ದೂರದಲ್ಲಿ, ಹುಣಸೆಮರದ ಕೆಳಗೆ ಕಲ್ಲಾಡುತ್ತಿದ್ದಳು. ಕೇಳಿಸಿಕೊಂಡಿರಲಿಲ್ಲ. ಈ ಒಂದು ಮಾತು ನನ್ನ ಚಪ್ಪಡಿಯ ಮೇಲಿನ ಹಕ್ಕಿಗೆ ಹೋಗಲಿ ಎಂದುಕೊಂಡೆ.

ಹನ್ನೊಂದನೆಯ ದಿನ ಗಾಣದ ಓಣಿಯಿಂದ ಒಬ್ಬ ಸೊಸೆ ಬಂದು ಹಿತ್ತಲ ಬಾಗಿಲಲ್ಲಿ ನಿಂತಳು. ಅವಳ ಅತ್ತೆ ರಾಚವ್ವನಿಗೆ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. “ಐವತ್ತ ವರ್ಷದ ಹಕ್ಕಿ ಐತಿ, ಯವ್ವಾ. ನೀ ಇಲ್ಲಿ ಯಾವಾಗ ಮುಗಸ್ತಿ?” ಎಂದು ನೆಲ ನೋಡುತ್ತಾ ಕೇಳಿದಳು. ನಾನು ಎರಡು ಬೆರಳು ತೋರಿಸಿದೆ.

ಹನ್ನೆರಡನೆಯ ದಿನ ಮಧ್ಯಾಹ್ನ ನಾನು ಉಣ್ಣಲು ಏಳಲಿಲ್ಲ. ಕದದ ಹಿಂದೆ ಕೂತೆ. ನಿಂಬಿ ಎಂದಿನಂತೆ ಮುಷ್ಟಿ ಬಿಗಿಹಿಡಿದು ಬಂದಳು, ನನ್ನನ್ನು ಕಂಡು ಗಕ್ಕನೆ ತಿರುಗಿದಳು.

“ನಿಂಬಿ” ಎಂದೆ.

ಅವಳು ಹೊಸ್ತಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡಿದಳು. “ನಿನಗ ಮಾತು ಬರ್ತಾವ, ದೊಡ್ಡವ್ವಾ?”

“ಬರ್ತಾವ. ಕೂಡು.”

ಕೂತಳು, ಆದರೆ ಕದಕ್ಕೆ ಹತ್ತಿರ. ಅಷ್ಟರಲ್ಲಿ ಹಕ್ಕಿ, “ಅಜ್ಜಿ ಅವ್ವನ ಸೀರಿ ಎಲ್ಲಾ ಗಂಟು ಕಟ್ಟಿದ್ಲು. ಹಸರ ಸೀರಿ ನಾ ಮುಚ್ಚಿಟ್ಟೀನಿ” ಎಂದಿತು. ನಿಂಬಿ ಬೆಚ್ಚಿದಳು. “ಇದು ನಂದು! ಇದು ಅವ್ವಂದಲ್ಲ.”

“ಅವ್ವಂದು ಮೊನ್ನೆ ಮುಗೀತು. ಇನ್ನ ಅದರಾಗ ಇರೋದು ನೀನ.”

“ಅವ್ವ ಇನ್ನ ಮಾತಾಡೂದಿಲ್ಲ?”

“ಇಲ್ಲವ್ವಾ.”

ಅಳುತ್ತಾಳೆಂದು ಕಾದೆ. ಅವಳು ಉಗುರಿನಿಂದ ನೆಲ ಗೀರತೊಡಗಿದಳು. ಮುಷ್ಟಿಯೊಳಗಿನ ಮಿಡತೆ ಜಿಗಿದು ಒರಳಿನ ಹಿಂದಕ್ಕೆ ಹೋಯಿತು. ಅವಳು ಅದನ್ನು ನೋಡಲಿಲ್ಲ. “ಹೋದ ವರ್ಷ ಇದನ್ನ ಉಡ್ಯಾಗ ಹೊತ್ಕೊಂಡ ಗ್ವಾಡಿ ಮ್ಯಾಲೆ ಕುಂಡ್ರಿಸಿದ್ದೆ” ಎಂದಳು. “ಹಾರಸ್ತೀನಿ ಅಂತ ಹೇಳಿದ್ದೆ. ಕಲ್ಲ ಬಿದ್ದಂಗ ಬಿತ್ತು, ದೊಡ್ಡವ್ವಾ. ಅದಕ್ಕ ರೆಕ್ಕಿ ಅದಾವ, ನೋಡೀಯಲ್ಲ? ಮತ್ತ ನಾನ ಅದಕ್ಕ ಭಾರ ಹಾಕಾಕತ್ತೀನಿ.” ನನ್ನ ಕಡೆ ತಿರುಗಿ, “ನಿನಗ ಹೇಳಿದ್ರ ನೀ ಏನ ಮಾಡ್ತಿ?” ಎಂದು ಕೇಳಿದಳು.

“ಕೇಳ್ತೀನಿ.”

“ಆಮ್ಯಾಲ?”

“ಆಮ್ಯಾಲ ಮನಿಗೆ ಹೋಗಿ ರೊಟ್ಟಿ ಮಾಡ್ತೀನಿ.”

ಅವಳಿಗೆ ನಗು ಬಂತು. ನಕ್ಕು ಮುಗಿಯುವ ಮುಂಚೆಯೇ ಹೇಳತೊಡಗಿದಳು. ಅವ್ವನ ಹೊಟ್ಟೆ, ಆಣೆ, ಒಗೆಯಲು ಕೊಟ್ಟ ಸೀರೆಯ ಮೇಲೆ ಕಂಡ ರಕ್ತ, ವೈದ್ಯನ ಮನೆಯ ಮುಂದೆ ಎರಡು ಸಲ ಹೋಗಿ ಕುಂಟಾಟ ಆಡಿ ತಿರುಗಿ ಬಂದದ್ದು. ನಾನು ಮಧ್ಯೆ ಬಾಯಿ ಹಾಕಲಿಲ್ಲ. ಪಂಜರದಲ್ಲಿ ಹಕ್ಕಿಯೂ ತನ್ನ ಪಾಡಿಗೆ ತಾನು, ಇದೇ ಹುಡುಗಿಯ ದನಿಯಲ್ಲಿ, ಹನ್ನೊಂದು ಮಧ್ಯಾಹ್ನಗಳ ಮಾತು ಒಪ್ಪಿಸುತ್ತಿತ್ತು. ಒಂದೇ ಕೋಣೆಯಲ್ಲಿ ಇಬ್ಬರು ನಿಂಬಿಯರು ಒಟ್ಟಿಗೆ ಮಾತಾಡಿದಂತೆ ಆಗುತ್ತಿತ್ತು. ಕೊನೆಗೆ ಅವಳು ಕೇಳಿದಳು, “ನಾ ಹೇಳಿದ್ರ ಅವ್ವ ಬದುಕ್ತಿದ್ಲೇನು?”

ಇಪ್ಪತ್ತಾರು ವರ್ಷ ಉತ್ತರ ಕೊಡದೆ ಇದ್ದವಳು ನಾನು. ಅಂಬವ್ವನ ಕೊನೆಯ ಮಾತನ್ನು ಒಳಗೇ ಇಟ್ಟುಕೊಂಡೆ. “ನಿನಗ ಒಂಬತ್ತ ವರ್ಷ” ಎಂದೆ. “ಈ ಮನ್ಯಾಗ ಎರಡು ಮಂದಿ ದೊಡ್ಡವರು, ಓಣ್ಯಾಗ ನೂರು ಮಂದಿ. ಅವರು ಯಾರೂ ಕೇಳಲಿಲ್ಲ. ನೀ ಹೇಳೂದು ದೂರ ಉಳೀತು, ಯಾರರ ನಿನ್ನ ಕೇಳಿದ್ರೇನು?” ಅವಳು ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಸಮಾಧಾನವಾಯಿತೆಂದು ನಾನು ಹೇಳಲಾರೆ. ಇಂಥದ್ದಕ್ಕೆ ಸಮಾಧಾನವಾಗಲು ಒಂದು ಮಧ್ಯಾಹ್ನ ಸಾಲುವುದಿಲ್ಲ.

ಹಕ್ಕಿ ಮಾತು ನಿಲ್ಲಿಸಿತ್ತು. ಪಂಜರದ ತಳದಿಂದ ಹಾರಿ ಅಡ್ಡಕಡ್ಡಿಯ ಮೇಲೆ ಕೂತಿತು. ಹನ್ನೊಂದು ವರ್ಷದಲ್ಲಿ ಅದು ಅಲ್ಲಿ ಕೂತದ್ದು ಅದೇ ಮೊದಲು. ನಿಂಬಿ ನನ್ನನ್ನು ಕೇಳಲಿಲ್ಲ. ಬಾಗಿಲು ತೆಗೆದು ಕೈ ಒಳಗಿಟ್ಟಳು, ಹಕ್ಕಿ ಬೆರಳ ಮೇಲೆ ಬಂತು. “ಏನೂ ಇಲ್ಲ ದೊಡ್ಡವ್ವಾ, ಹತ್ತಿ ಇದ್ದಂಗ ಐತಿ” ಎಂದಳು. ಒರಳಿನ ಮೇಲೆ ಹತ್ತಿ ನಿಂತು ಬೆಳಕಿಂಡಿಗೆ ಕೈ ಚಾಚಿದಳು. “ಹೋಗ ಜೋಳ್ಯಾ. ಈ ಸಲ ಬೀಳೂದಿಲ್ಲ” ಎಂದಳು. ಅದು ಕಿಂಡಿಯ ಅಂಚಿನಲ್ಲಿ ಕೂತು ಒಮ್ಮೆ ಹಿಂದಕ್ಕೆ ನೋಡಿತು. ಆಮೇಲೆ ಕೋಳಿಯ ಹಾಗೆ ದಡಬಡಿಸಿ ಹುಣಸೆಮರದ ತನಕ ಹೋಯಿತು, ಅಲ್ಲಿಂದ ಗೊರವಂಕದ ಹಾಗೆಯೇ ಹಾರಿತು. ಅವಳು ಕೈ ಬೀಸಲಿಲ್ಲ. ಇಳಿದು, ಕೆಲಸ ಮುಗಿಸಿದ ಹೆಂಗಸಿನ ಹಾಗೆ ಅಂಗೈಗಳನ್ನು ಲಂಗಕ್ಕೆ ಒರೆಸಿಕೊಂಡಳು. ಆಗ ಅಳು ಬಂತು. ನನ್ನ ಮಡಿಲಿಗೆ ಮುಖ ಒತ್ತಿ, ಹೊರಗೆ ಕೇಳದಂತೆ ಅತ್ತಳು. ದನಿಯಿಲ್ಲದೆ ಅಳುವುದನ್ನು ಆಗಲೇ ಕಲಿತಿದ್ದಳು.

“ನಾಳೆ ಹಂಚಿನ ಮನಿಯವರು ಬರ್ತಾರಲ್ಲ. ಬುಟ್ಟ್ಯಾಗಿನ ಮರಿ ನನಗ ಬ್ಯಾಡ, ದೊಡ್ಡವ್ವಾ” ಎಂದಳು, ಅಳು ನಿಂತ ಮೇಲೆ.

“ಹೋಗಿ ಉಣ್ಣು ಹೋಗು” ಎಂದೆ.

ಅವಳು ಹೋದ ಮೇಲೆ ಪಂಜರದ ಬಾಗಿಲು ಹಾಕಿ ಹೊದಿಕೆ ಹೊದಿಸಿದೆ. ಇಪ್ಪತ್ತಾರು ವರ್ಷದ ರೂಢಿ, ಕೈ ತಾನಾಗಿ ಮಾಡಿತು. ನಾಳೆ ಬೆಳಿಗ್ಗೆ ಖಾಲಿ ಪಂಜರ ತೋರಿಸಿ ‘ಮುಗೀತು’ ಎಂದರೆ ನನ್ನ ಕೆಲಸ ಮುಗಿಯಿತು. ಮಧ್ಯಾಹ್ನದೊಳಗೆ ಕೆಂಪು ದಾರ, ಸಂಜೆಯೊಳಗೆ ಹಂಚಿನ ಮನೆ, ಅಲ್ಲಿನ ತೊಲೆಗೆ ಹೊಸ ಮರಿ. ನಾನು ಗಾಣದ ಓಣಿಗೆ ಹೋಗಿ ರಾಚವ್ವನ ಐವತ್ತು ವರ್ಷದ ಹಕ್ಕಿಯ ಮುಂದೆ ಕೂರಬಹುದು. ಮುಂದೊಂದು ದಿನ ನಿಂಬಿಯ ಹಕ್ಕಿಯ ಮುಂದೆಯೂ ಯಾರಾದರೂ ಕೂತಾರು.

ಮೂಲೆಯ ಒರಳಿನಲ್ಲಿ ಅಂಬವ್ವನ ಗುಂಡುಕಲ್ಲಿತ್ತು. ಅವಳ ಕೈ ತಿಕ್ಕಿ ತಿಕ್ಕಿ ನುಣುಪಾದ ಕಲ್ಲು. ಎತ್ತಿ ಮಣಿಕಟ್ಟಿನ ಮೇಲೆ ಇಟ್ಟು ತೂಗಿ ನೋಡಿದೆ. ಹಂಚಿನ ಮನೆಯ ಯಜಮಾನ ಎತ್ತಿದ ದಿನ ಹಕ್ಕಿ ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ. ಹೊದಿಕೆಯ ಮೇಲಿಂದ ಪಂಜರ ಎತ್ತುವವರಿಗೆ ಬೇಕಾದದ್ದು ಭಾರ. ಒಳಗೆ ಇಣುಕಿ ನೋಡುವ ಧೈರ್ಯ ಈ ಊರಿನಲ್ಲಿ ಯಾರಿಗೂ ಇಲ್ಲ. ಬೀಗದ ಕೈ ನನ್ನ ಸೊಂಟದಲ್ಲಿದೆ. ಏಳು ತಿಂಗಳು ಚಿಗವ್ವ ಕೂತಿದ್ದಳಲ್ಲ, ಏಳು ವರ್ಷ ಒಬ್ಬಳು ಕೂರಬಾರದೆಂದು ಯಾರೂ ನಿಯಮ ಮಾಡಿಲ್ಲ. ಅಲ್ಲಿಯ ತನಕ ಈ ಮನೆಯಿಂದ ಹೆಣ್ಣು ಹೊರಗೆ ಹೋಗುವಂತಿಲ್ಲ.

ರಾಚವ್ವ ಕಣ್ಣ ಮುಂದೆ ಬಂದಳು. ಚಿಕ್ಕಂದಿನಲ್ಲಿ ನನಗೆ ಗಾಣದ ಹಿಂಡಿ, ಬೆಲ್ಲ ಕೊಡುತ್ತಿದ್ದ ಹೆಂಗಸು. ನಾನು ಇಲ್ಲೇ ಕೂತರೆ ಅವಳ ಹಕ್ಕಿ ಕುತ್ತಿಗೆ ಇಳಿಬಿಟ್ಟು ಸಾಯುತ್ತದೆ, ಅವಳ ಮನೆಯ ಮುಂದೆ ಜನ ಚಪ್ಪಲಿ ಕಳಚುತ್ತಾರೆ. ಅವಳ ನಂತರ ಇನ್ನೊಬ್ಬಳು, ಮತ್ತೊಬ್ಬಳು. ಅದು ನನ್ನ ಪಾಪವೇ. ಅದನ್ನು ಯಾರ ಮೇಲೂ ಹಾಕುವುದಿಲ್ಲ.

ನಾನು ಮಾಡುವುದು ನಿಂಬಿಗೆ ನಾಳೆ ತಾನಾಗಿ ತಿಳಿಯುತ್ತದೆ. ‘ಯಾರಿಗೂ ಹೇಳಬ್ಯಾಡ’ ಎಂದು ಮಾತ್ರ ನಾನು ಅವಳಿಗೆ ಹೇಳುವುದಿಲ್ಲ. ಆ ಮಾತನ್ನು ಅವಳು ಒಮ್ಮೆ ಕೇಳಿದ್ದು ಸಾಕು. ಹೇಳಿಬಿಟ್ಟರೆ ಹೇಳಲಿ, ಆಮೇಲಿನದು ಆಮೇಲೆ.

ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಪಂಜರದೊಳಗೆ ಇಟ್ಟೆ. ಇನ್ನು ಕದದಾಚೆಗೆ ದಿನವೂ ಒಂದಿಷ್ಟು ಗೊಣಗು ಕೇಳಿಸಬೇಕು. ಮಾತಿಗೆ ನನ್ನಲ್ಲಿ ಬರವಿಲ್ಲ. ಗಂಡನ ಮನೆಯ ಹೊಸ್ತಿಲು ದಾಟಿದ ದಿನದಿಂದ ಶುರು ಮಾಡಿದರೆ ಎಷ್ಟು ಮಳೆಗಾಲ ಬಂದೀತೋ. ನನ್ನ ಚಪ್ಪಡಿಯ ಬಿರುಕು ಇನ್ನು ಬೆಳೆಯಲಿಕ್ಕಿಲ್ಲ.

ನಡುಮನೆಯಿಂದ ದುಂಡವ್ವನ ದನಿ ಬಂತು. “ಏನವಾ ಫಕೀರವ್ವಾ, ನಾಳೆ ಮುಗೀತೈತಲ್ಲ? ಹಂಚಿನ ಮನಿಗೆ ಹೇಳಿ ಕಳಸ್ಲೇನು?”

“ಇನ್ನೂ ಐತಿ” ಎಂದೆ.

ತಟ್ಟೆಯಲ್ಲಿ ಉಂಡೆಗಳು ಹಾಗೇ ಉಳಿದಿದ್ದವು. ಸಂಜೆ ತಟ್ಟೆ ತೊಳೆಯಲು ಒಯ್ಯುವವಳು ದುಂಡವ್ವ. ಅದು ಖಾಲಿಯಾಗಿರಬೇಕು. ಒಂದನ್ನು ಬಾಯಿಗೆ ಹಾಕಿಕೊಂಡು, ಗಂಟಲಿನಿಂದ ಇಳಿಯುವ ತನಕ ಕಾದು, ಇನ್ನೊಂದಕ್ಕೆ ಕೈ ಹಾಕಿದೆ.